ಕರ್ನಾಟಕ ಬೇಕೆಂದರೆ ಮಾಳಿಗೆ ಹತ್ತಬೇಕು

"ಚೆಪ್ಪಂಡಿ ಮೇಡಂ, ಏ ಊರು?"

ಕಳೆದ ಭಾನುವಾರ ಬೆಳಗ್ಗೆ ಆಂಬುಲೆನ್ಸ್‌ಗೆ ಫೋನ್ ಮಾಡಿದಾಗ ನನ್ನ ಕಿವಿಗೆ ಬಿದ್ದದ್ದು ಈ ತೆಲುಗು. ನಾನು ನಿಂತಿದ್ದುದು ಅಪ್ಪಟ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮಕ್ಕನ ಊರಿನಲ್ಲಿ. ಒಳಗೆ ಅಕ್ಕನ ಮಗಳು ಶೋಭಾ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಚೊಚ್ಚಲ ಬಸುರಿ, ಬಾಣಂತನಕ್ಕೆಂದು ತವರಿಗೆ ಬಂದವಳು. ಹೆರಿಗೆಗೆ ಇನ್ನೂ ತಿಂಗಳಿತ್ತು. ಇದ್ದಕ್ಕಿದ್ದಂತೆ ರಕ್ತ ಹೋಗಲು ಶುರುವಾಗಿತ್ತು. ಅಕ್ಕ ಮಗಳನ್ನು ಹಿಡಿದು ಕೂತಿದ್ದಳು. ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

(ಊರಿಗಿರುವ ಒಂದೇ ಆಟೋ ಕೊಡಿಗೇನಹಳ್ಳಿಗೆ ಹೋಗಿತ್ತು. ಬೈಕುಗಳಿದ್ದವು. ಆ ಸ್ಥಿತಿಯಲ್ಲಿ ಅವಳನ್ನು ಬೈಕಿನ ಮೇಲೆ ಕೂರಿಸುವುದುಂಟೇ?)

ನಾನು ಮಧುಗಿರಿಯ ಕಾಲೇಜಿನಲ್ಲಿ ಪಾಠ ಮಾಡುವವಳು. ಊರು, ಹೋಬಳಿ, ತಾಲ್ಲೂಕು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. "ಅದಿ ಕರ್ನಾಟಕ ಕದಮ್ಮಾ," ಅಂದಳು ಆ ಕಡೆಯ ಹುಡುಗಿ, ಪಾಪ, ಮೆತ್ತಗೇ. ಅವರ ಗಾಡಿ ಗಡಿ ದಾಟುವಂತಿಲ್ಲವಂತೆ. ನಮ್ಮ ರಾಜ್ಯಕ್ಕೆ ಕನೆಕ್ಟ್ ಮಾಡುತ್ತೇನೆ ಅಂದಳು. ಸಂಗೀತ ಬಂತು. ಸಂಗೀತ ನಿಂತಿತು. ಕಾಲ್ ಕಟ್.

ಆ ಊರಿನಲ್ಲಿ ಮೊಬೈಲಿಗೆ ಸಿಗುವುದು ಆಂಧ್ರದ ಟವರ್. ನಾವು ಯಾವ ರಾಜ್ಯದವರು ಎಂದು ತೀರ್ಮಾನಿಸುವುದೂ ಅದೇ!

"ಕರ್ನಾಟಕ ಬೇಕಂದ್ರೆ ಗುಡಿ ಮಾಳಿಗೆ ಹತ್ಬೇಕು ಕಣೇ, ಓಡು," ಅಕ್ಕ ಒಳಗಿನಿಂದ ಕೂಗಿದಳು.

ಓಡಿದೆ. ಹತ್ತಿದೆ. ಒಂದು ಕಡ್ಡಿ ಸಿಗ್ನಲ್ ಬಂತು. ಕನ್ನಡವೂ ಬಂತು. ಆದರೆ ಹತ್ತಿರದ ಗಾಡಿ ಬೇರೊಬ್ಬ ರೋಗಿಯನ್ನು ತುಮಕೂರಿಗೆ ಕರೆದೊಯ್ದಿತ್ತು. ಬೇರೆ ಗಾಡಿ ಕಳಿಸುತ್ತೇವೆ, ಒಂದೂವರೆ ಗಂಟೆಯಾದರೂ ಬೇಕು ಅಂದರು. ಅಷ್ಟು ಹೊತ್ತು ಶೋಭಾ ತಡೆಯುತ್ತಾಳಾ ಎಂದು ನಾನು ಯಾರನ್ನು ಕೇಳಲಿ?

ಕೆಳಗಿಳಿದು ಬಂದಾಗ ಅಕ್ಕ ಕೇಳಿದ್ದು ಒಂದೇ ಮಾತು. "ಮೊದ್ಲು ಮಾತಾಡ್ದಾಗ ನಮ್ಮೂರ ಹೆಸ್ರು ಹೇಳ್ಬುಟ್ಟೆಯೇನೇ?"

"ಹೇಳ್ದೆ."

"ನಿನ್ನ ಓದಿಗಿಷ್ಟು ಬೆಂಕಿ ಹಾಕ!"

ನನ್ನ ನಂಬರ್ ಗುರುತು ಸಿಕ್ಕೀತೆಂದು ತನ್ನ ಫೋನನ್ನೇ ಎತ್ತಿಕೊಂಡಳು. ತೆಲುಗಿನಲ್ಲಿ ಸಲೀಸಾಗಿ ಸುಳ್ಳು ಹೇಳಿದಳು. ಹೊಲದಾಚೆಗಿನ ಆಂಧ್ರದ ಹಳ್ಳಿಯ ಹೆಸರು ಹೇಳಿ, ಅದೇ ನಮ್ಮೂರು, ದೊಡ್ಡ ಹುಣಸೆಮರದ ಹತ್ತಿರ ಬನ್ನಿ ಅಂದಳು. ಆಂಧ್ರದ ಗಾಡಿ ಹೊರಟಿತು.

ಆಮೇಲೆ ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ಅಕ್ಕಪಕ್ಕದ ಗಂಡಸರು ಮಂಚ ತಂದರು. ಒಬ್ಬಾಕೆ ಕೊಡೆ ಹಿಡಿದಳು. ಕಡಲೆಕಾಯಿ ಹೊಲದ ನಡುವಿನ ಕಾಲುದಾರಿಯಲ್ಲಿ ಶೋಭಾಳನ್ನು ಹೊತ್ತು ನಡೆದರು. ಹಾವು ಕಚ್ಚಿದವರು, ಎದೆನೋವು ಬಂದವರು ಎಲ್ಲರೂ ಹೀಗೇ ರಾಜ್ಯ ದಾಟಿದವರಂತೆ. ಅವರಿಗೆ ಇದು ರೂಢಿ. ನನಗೆ ಮಾತ್ರ ಹೊಸತು.

"ಮರದ ತಾವ ಯಾರೂ ಕನ್ನಡ ಮಾತಾಡ್ಬ್ಯಾಡಿ," ಅಕ್ಕ ಗದರಿದಳು. "ಲೇ, ನೀನಂತೂ ಬಾಯೇ ಬುಡಬ್ಯಾಡ."

ರಾಜ್ಯೋತ್ಸವಕ್ಕೆ ಭಾಷಣ ಮಾಡುವವಳು ನಾನು. ಬಾಯಿ ಮುಚ್ಚಿಕೊಂಡೆ. ಶೋಭಾ "ಅಮ್ಮಾ" ಎಂದು ನರಳಿದಳು. ಸದ್ಯ, ಆ ಮಾತು ಎರಡೂ ಕಡೆ ನಡೆಯುತ್ತದೆ.

ಆಂಬುಲೆನ್ಸ್ ಬಂತು. ಇಳಿದವನು ಶೋಭಾಳನ್ನು ನೋಡಿದ. ಮಂಚ ನೋಡಿದ. ನಾವು ಬಂದ ಕಾಲುದಾರಿ ನೋಡಿದ. ಇದೇ ಊರಿನವರಾ ಎಂದು ತೆಲುಗಿನಲ್ಲಿ ಕೇಳಿದ. ಅಕ್ಕ ಕಣ್ಣು ಮಿಟುಕಿಸದೆ "ಅವುನು" ಅಂದಳು. ಆತ ಮತ್ತೊಮ್ಮೆ ಆ ದಾರಿಯ ಕಡೆ ನೋಡಿದ. ಇಲ್ಲ ಅಂದುಬಿಟ್ಟರೆ? ಹಿಂದಕ್ಕೆ ಹೊತ್ತುಕೊಂಡು ಹೋಗಬೇಕೇ?

"ಎಕ್ಕಿಂಚಂಡಿ," ಅಂದ. ಹತ್ತಿಸಿದೆವು.

ಹಿಂದೂಪುರದಲ್ಲಿ ಆಪರೇಷನ್ ಆಯಿತು. ಹೆಣ್ಣು ಮಗು. ಇನ್ನೂ ಗಾಜಿನ ಪೆಟ್ಟಿಗೆಯಲ್ಲಿದೆ, ಉಸಿರಾಡುತ್ತಿದೆ. ಶೋಭಾ ಉಳಿದಳು. ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಅಂದರು ಡಾಕ್ಟರ್.

ಮಧುಗಿರಿಗೆ ವಾಪಸ್ಸಾದರೂ ಸಿಟ್ಟು ಇಳಿಯಲಿಲ್ಲ. ಬೆರಳ ತುದಿಯಲ್ಲೇ ಸರ್ಕಾರ ಅನ್ನುತ್ತಾರಲ್ಲ, ಯಾವ ಸರ್ಕಾರ ಸ್ವಾಮಿ? ಪಾವಗಡದ ಗಡಿಯಲ್ಲೂ ಇದೇ ಪಾಡು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಟವರ್ ಸರಿಮಾಡಿ, ನಮ್ಮ ಕರೆ ನಮ್ಮ ರಾಜ್ಯಕ್ಕೇ ಹೋಗಲಿ ಎಂದು ಪತ್ರಿಕೆಯ ನನ್ನ ಅಂಕಣದಲ್ಲಿ ಬರೆಯುತ್ತೇನೆ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಅಯ್ಯೋ, ಅಂಗೇನಾದ್ರೂ ಮಾಡ್ಬುಟ್ಟೀಯ!" ಅಕ್ಕ ಅರ್ಧಕ್ಕೇ ತಡೆದಳು. "ಟವರ್ ಸರಿಯಾದ್ರೆ ಆ ಗಾಡಿನೂ ತಪ್ಪೋಯ್ತದೆ ಕಣೇ. ಮೊದ್ಲು ಈ ಕಡೆಯಿಂದ ಒಂದು ಗಾಡಿ ಬರಂಗೆ ಮಾಡ್ಸು. ಆಮ್ಯಾಕೆ ಟವರ್‌ನ ಏನಾರ ಮಾಡ್ಕಳ್ಳಿ."

ನಾನು ಕೇಳಹೊರಟಿದ್ದು ಸರಿಯಾದ ರಾಜ್ಯವನ್ನು. ಅವಳಿಗೆ ಬೇಕಾಗಿದ್ದುದು ಬರುವ ಗಾಡಿ.

ಹಾಗಾಗಿ ದೊರೆಗಳೇ, ಗಡಿಯ ಹಳ್ಳಿಗಳಿಗೆ ಮೊದಲು ಒಂದು ಆಂಬುಲೆನ್ಸ್ ಕೊಡಿ. ಟವರ್ ಈಗಲೇ ಸರಿಮಾಡಬೇಡಿ. ಅದು ಯಾವ ಊರು ಎಂದು ಕೇಳಲೂಬೇಡಿ.

ಅಕ್ಕನ ಎದುರುಮನೆಯ ಸೊಸೆಗೆ ಈಗ ಏಳು ತಿಂಗಳು.