ನೀಲಿ ತಂಡದ ಮೇಲೆ ನನ್ನ ಅನುಮಾನ

ಎರಡು ವಾರದಿಂದ ನಮ್ಮ ಗ್ಯಾರೇಜಿನಲ್ಲಿ ಮೋಸ ನಡೆಯುತ್ತಿತ್ತು. ಆಡುವವನು ನಾನೊಬ್ಬನೇ. ಎರಡೂ ತಂಡ ನನ್ನದೇ. ರೆಫರಿಯೂ ನಾನೇ. ಆದರೂ ಮೋಸ! ಹಾಗಾದರೆ ಮಾಡುತ್ತಿದ್ದವರು ಯಾರು?

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ. ಸರಟೋಗಾದಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲಿನಲ್ಲಿ ಸಿಕ್ಕ ಹಳೆಯ ಎಲೆಕ್ಟ್ರಿಕ್ ಫುಟ್‌ಬಾಲ್ ಅದು. ತಗಡಿನ ಉದ್ದನೆಯ ಬೋರ್ಡು, ಮೇಲೆ ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳು, ಕೆಂಪು ತಂಡ ಒಂದು, ನೀಲಿ ತಂಡ ಒಂದು. ಸ್ವಿಚ್ ಹಾಕಿದರೆ ಬೋರ್ಡು ಗುಂಯ್ ಎಂದು ನಡುಗುತ್ತದೆ. ಗೊಂಬೆಗಳು ತಮಗೆ ತೋಚಿದ ಕಡೆ ನಡೆಯುತ್ತವೆ. ಚೆಂಡು ಹಿಡಿದ ಗೊಂಬೆಯನ್ನು ಎದುರಾಳಿ ಗೊಂಬೆ ಮುಟ್ಟಿದ ಕೂಡಲೇ ಸ್ವಿಚ್ ಆಫ್ ಮಾಡಬೇಕು. ಇಷ್ಟೇ. (ಇದು ಇಲ್ಲಿನ ಅಮೆರಿಕದವರ ಫುಟ್‌ಬಾಲು. ಕಾಲಿಗೆ ಕೆಲಸ ಕಡಿಮೆ.)

ಇಬ್ಬರು ಆಡುವ ಆಟವನ್ನು ಒಬ್ಬನೇ ಆಡಬೇಕಾದರೆ ನಿಯಮ ಬೇಕಲ್ಲ? ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡೂ ತಂಡದ ಗೊಂಬೆಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ದಾಳ ಹೇಳಬೇಕು. ಗೊಂಬೆ ಬಿದ್ದರೆ ಎತ್ತುವಂತಿಲ್ಲ. ಬೋರ್ಡು ನಡುಗುವಾಗ ಕೈ ಹಾಕುವಂತಿಲ್ಲ. ಎಲ್ಲ ಸೇರಿ ಐದು ನಿಯಮ. ಸಾಕಾಗಿತ್ತು.

ಆದರೆ ಮೊದಲ ಪುಟದಲ್ಲಿ ಇನ್ನೊಂದು ಸಾಲು ಇತ್ತು. ಕೆಂಪು ಗೆದ್ದರೆ ಮನೆ, ನೀಲಿ ಗೆದ್ದರೆ ಡಾರ್ಮು.

ನಮ್ಮ ಮಗಳು ಇಂಚರಳಿಗೆ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಸೀಟು ಸಿಕ್ಕಿದರೆ ಡಾರ್ಮಿನಲ್ಲಿ, ಅಂದರೆ ಅಲ್ಲಿನ ಹಾಸ್ಟೆಲಿನಲ್ಲಿ, ಇರಬಹುದು ಎಂದು ನಾಲ್ಕು ವರ್ಷದ ಹಿಂದೆ ಮಾತು ಕೊಟ್ಟವನು ನಾನೇ. ಸಿಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಈಗ ನನ್ನ ವರಸೆ ಬದಲಾಗಿತ್ತು. ಸ್ಯಾನ್ ಮಟಿಯೋದ ನಮ್ಮ ಮನೆಯಿಂದಲೇ ದಿನಾ ಹೋಗಿ ಬರಲಿ, ಸೇತುವೆ ದಾಟಿದರೆ ಆಯಿತಲ್ಲ ಎಂದೆ. (ಬೆಳಗಿನ ಟ್ರಾಫಿಕ್ಕಿನಲ್ಲಿ ಆ ಸೇತುವೆ ದಾಟಿದವರು ದಯವಿಟ್ಟು ನಗಬೇಡಿ.) ನಿಜ ಹೇಳಬೇಕೆಂದರೆ, ಅವಳಿಲ್ಲದ ಮನೆ ನೆನೆಸಿಕೊಂಡರೆ ನನಗೆ ಭಯ. ಡಾರ್ಮಿನ ಫಾರ್ಮಿಗೆ ಸೋಮವಾರ ಕೊನೆಯ ದಿನ. ಅಷ್ಟರೊಳಗೆ ಹೇಳುತ್ತೇನೆ ಎಂದು ಅವಳನ್ನು ಕಾಯಿಸಿ, ಗ್ಯಾರೇಜಿಗೆ ಬಂದು ಬೋರ್ಡಿನ ಮುಂದೆ ಕೂತಿದ್ದೆ.

ಮೊದಲ ಮ್ಯಾಚು ನೀಲಿ ಗೆದ್ದಿತು. ಮೂರರಲ್ಲಿ ಎರಡು ಗೆದ್ದವರೇ ವಿನ್ನರ್ ಎಂದು ಆರನೇ ನಿಯಮ ಬರೆದೆ. ಎರಡನೆಯದೂ ನೀಲಿಗೇ! ಐದರಲ್ಲಿ ಮೂರು ಎಂದು ತಿದ್ದಿದೆ.

ಆಗ ಅನುಮಾನ ಶುರುವಾಯಿತು. ಮೊದಲು ನೆಲದ ಮೇಲೆ. ಇಲ್ಲಿನ ಗ್ಯಾರೇಜಿನ ನೆಲ ನೀರು ಹರಿದುಹೋಗಲಿ ಎಂದು ಬಾಗಿಲ ಕಡೆ ಇಳಿಜಾರಾಗಿರುತ್ತದೆ. ನೀಲಿ ಓಡುತ್ತಿದ್ದದ್ದು ಬಾಗಿಲ ಕಡೆಗೇ. ಸಿಕ್ಕಿಬಿದ್ದರಲ್ಲ! ರಸಮಟ್ಟ ತಂದು, ಟೇಬಲಿನ ಎರಡು ಕಾಲಿಗೆ ರಟ್ಟು ಕೊಟ್ಟು ಸರಿ ಮಾಡಿದೆ. ನೀಲಿ ಮತ್ತೆ ಗೆದ್ದಿತು. ಹದಿನೈದರಲ್ಲಿ ಎಂಟು ಎಂದು ಮತ್ತೆ ತಿದ್ದಿದೆ.

ಆಮೇಲೆ ಡ್ರೈಯರ್ ಮೇಲೆ. ಅದು ಪಕ್ಕದಲ್ಲೇ ಗಡಗಡ ಎನ್ನುತ್ತಿತ್ತು. ಆ ನಡುಕ ನೀಲಿಗೆ ಸಹಾಯ ಮಾಡುತ್ತಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ? ಮ್ಯಾಚು ನಡೆಯುವಾಗ ಡ್ರೈಯರ್ ಹಾಕುವಂತಿಲ್ಲ ಎಂಬ ಒಂಬತ್ತನೇ ನಿಯಮ ಬಂತು.

"ರೀ, ಬಟ್ಟೆ ಒಣಗ್ಸೋಕೂ ನಿಮ್ಮ ಗೊಂಬೆಗಳ ಪರ್ಮಿಶನ್ ತಗೋಬೇಕಾ?" ಎಂದು ಹೆಂಡತಿ ವಸುಧಾ ಕೇಳಿದಳು.

ಅವಳು ಡ್ರೈಯರ್ ಹಾಕಿಯೇ ಹಾಕಿದಳು. ಅವಳೂ ನೀಲಿಯ ಕಡೆಯೇ ಎಂದುಕೊಂಡೆ.

ಕೊನೆಗೆ ಅನುಮಾನ ಮಗಳ ಮೇಲೆ ಬಂತು. ಗೊಂಬೆಯ ಅಡಿಯಲ್ಲಿ ಮೀಸೆಯಂಥ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ. ಅವನ್ನು ಚೂರು ಬಾಗಿಸಿದರೆ ಗೊಂಬೆಯ ದಿಕ್ಕೇ ಬದಲಾಗುತ್ತದೆ. ನಾನು ಆಫೀಸಿಗೆ ಹೋದಾಗ ಇವಳು ಬಾಗಿಸುತ್ತಿದ್ದರೆ? ಅವತ್ತಿನಿಂದ ಹೊರಡುವ ಮುಂಚೆ ಒಂದೊಂದು ಗೊಂಬೆಯನ್ನೂ ತಿರುಗಿಸಿ ಫೋಟೋ ತೆಗೆದುಕೊಳ್ಳತೊಡಗಿದೆ. ಸಂಜೆ ಬಂದು ಹೋಲಿಸಿ ನೋಡುತ್ತಿದ್ದೆ. (ಐವತ್ತು ದಾಟಿದ ಎಂಜಿನಿಯರು, ನೆನಪಿರಲಿ.) ಒಂದು ಕಡ್ಡಿಯೂ ಅಲುಗಿರಲಿಲ್ಲ. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು.

ಮೊನ್ನೆ ಭಾನುವಾರ ಗ್ರೋಸರಿ ಮುಗಿಸಿ ಬಂದರೆ, ಬೋರ್ಡಿನ ಪಕ್ಕದಲ್ಲಿ ಇಂಚರ ನಿಂತಿದ್ದಳು. ಕೈಯಲ್ಲಿ ನನ್ನ ನೋಟ್‌ಬುಕ್ಕು. ಕೈಚೀಲ ಅಲ್ಲೇ ಇಟ್ಟೆ.

"ಗೊತ್ತಿತ್ತು ನಂಗೆ! ಕಡ್ಡಿ ಬಾಗ್ಸಿದ್ದು ನೀನೇ ತಾನೇ?"

"ವಾಟ್ ಕಡ್ಡಿ?" ಎಂದಳು. ಮುಖ ಕೆಂಪಾಗಿತ್ತು. "ಅಪ್ಪಾ, ರೆಡ್ ಹೋಮ್, ಬ್ಲೂ ಡಾರ್ಮ್? ಸೀರಿಯಸ್ಲಿ? ಆ್ಯಂಡ್ ಲುಕ್, ಎವ್ರಿ ನ್ಯೂ ರೂಲ್ ಕಮ್ಸ್ ರೈಟ್ ಆಫ್ಟರ್ ಬ್ಲೂ ವಿನ್ಸ್."

ಪುಟ ತಿರುಗಿಸಿ ತೋರಿಸಿದಳು. ನೀಲಿ ಗೆಲುವು, ಕೆಳಗೊಂದು ನಿಯಮ. ನೀಲಿ ಗೆಲುವು, ಕೆಳಗೊಂದು ತಿದ್ದುಪಡಿ. ಕೊನೆಯ ಪುಟದ ಹೊತ್ತಿಗೆ ಕೆಂಪು ಗೊಂಬೆ ಬಿದ್ದರೆ ಎತ್ತಿ ನಿಲ್ಲಿಸಬಹುದಿತ್ತು, ನೀಲಿ ಬಿದ್ದರೆ ಬಿದ್ದ ಹಾಗೇ. ಒಟ್ಟು ಹದಿನಾಲ್ಕು ನಿಯಮ. ಎಲ್ಲ ನನ್ನದೇ ಅಕ್ಷರ. ಇಷ್ಟಾದರೂ ನೀಲಿಯೇ ಮುಂದಿತ್ತು! ನಾಚಿಕೆಯಿಂದ ತಲೆ ತಗ್ಗಿತು.

ಆದರೂ ಹುಟ್ಟುಗುಣ ಬಿಡಬೇಕಲ್ಲ. "ಫಾರ್ಮಿಗೆ ನನ್ನ ಸಹಿ ಬೇಕು ತಾನೇ?" ಎಂದೆ.

"ನೋ. ಐ ಆ್ಯಮ್ ಏಟೀನ್. ಐ ಕ್ಯಾನ್ ಸೈನ್ ಇಟ್ ಮೈಸೆಲ್ಫ್."

"ಅಂದ್ರೆ ಆಗ್ಲೇ ಕಳ್ಸಿಬಿಟ್ಟಿದ್ದೀಯ?"

ಫೋನು ತೆಗೆದು ತೋರಿಸಿದಳು. ಫಾರ್ಮು ಪೂರ್ತಿ ತುಂಬಿತ್ತು. ತುಂಬಿದ ತಾರೀಖು ನೋಡಿದೆ, ಎರಡು ವಾರದ ಹಿಂದಿನದು. ಸಬ್ಮಿಟ್ ಮಾತ್ರ ಒತ್ತಿರಲಿಲ್ಲ.

"ಮತ್ತೆ ಯಾಕೆ ಕಳಿಸ್ಲಿಲ್ಲ?"

ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ನಿಧಾನವಾಗಿ ಪದ ಹುಡುಕಿಕೊಂಡು ಹೇಳಿದಳು. "ನೀವು ಹೂಂ ಅನ್ಲಿ ಅಂತ."

ಹೂಂ ಅಂದೆ. ಸರಿಯಾಗಿ ಕೇಳಿಸಲಿ ಎಂದು ಇನ್ನೊಂದು ಸಲವೂ ಅಂದೆ.

ನೆಲ, ಡ್ರೈಯರ್, ಹೆಂಡತಿ, ಮಗಳು, ಪ್ಲಾಸ್ಟಿಕ್ ಗೊಂಬೆ, ಎಲ್ಲರ ಮೇಲೂ ಏನೇನೋ ಅನುಮಾನಪಟ್ಟ ನನಗೆ, ಮಗಳು ನನ್ನ ಒಂದು ಮಾತಿಗೆ ಕಾಯುತ್ತಿರಬಹುದು ಎಂಬ ಅನುಮಾನ ಮಾತ್ರ ಒಮ್ಮೆಯೂ ಬರಲಿಲ್ಲವಲ್ಲ, ಯಾಕೆ?