ಮೂರರಿಂದ ಹೋಗುವ ಸಂಖ್ಯೆ

ಮೊನ್ನೆ ರೇಷನ್ ಕಾರ್ಡ್ ಹುಡುಕುವಾಗ ಅದರ ಪ್ಲಾಸ್ಟಿಕ್ ಕವರಿನಿಂದ ಕ್ಯಾಲೆಂಡರಿನ ಒಂದು ಹಾಳೆ ಜಾರಿ ಬಿತ್ತು. ಹಿಂಬದಿಯಲ್ಲಿ ನೀಲಿ ಶಾಯಿಯ ದುಂಡು ಅಂಕಿಗಳು: 7,41,03,291.

ವಿದ್ಯಾರಣ್ಯಪುರದಲ್ಲಿ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಮೇಷ್ಟ್ರ ಕೈಬರಹ ಅದು. ಬಾಗಲಕೋಟೆ ಕಡೆಯವರು. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾಗಿ ಮಗಳ ಜೊತೆಗಿದ್ದರು. ನಾನೂ ಶಾಲೆಯಲ್ಲಿ ಗಣಿತದ ಟೀಚರ್ ಎಂದು ತಿಳಿದದ್ದೇ ತಡ, ದಿನಾ ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ಮೆಟ್ಟಿಲ ಬಳಿ ನಿಲ್ಲಿಸಿ ಒಂದು ದೊಡ್ಡ ಸಂಖ್ಯೆ ಕೊಡುತ್ತಿದ್ದರು. ಅದು ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಸಂಜೆಯೊಳಗೆ ನಾನು ಹೇಳಬೇಕು. ಯಾವುದರಿಂದಲೂ ಆಗದಿದ್ದರೆ ಅವಿಭಾಜ್ಯ. ಒಮ್ಮೆ 1,00,00,001 ಕೊಟ್ಟರು. ಅವಿಭಾಜ್ಯವೇ ಎಂದು ನಾನು ಬೀಗಿದೆ.

"ನೋಡಾಕ ಸ್ವಚ್ಛ ಐತಿ. ಹೊಟ್ಯಾಗ ಹನ್ನೊಂದು ಕುಂತೈತಿ ನೋಡು," ಎಂದು ನಕ್ಕರು.

ಆಟವೆಂದುಕೊಂಡಿದ್ದೆ... ಆಟವಾಗಿರಲಿಲ್ಲ. ಅವರ ಅಣ್ಣನಿಗೆ ಮರೆವಿನ ಕಾಯಿಲೆ ಬಂದು, ಒಂದು ದಿನ ಮನೆಯಿಂದ ಹೊರಟವರು ಮತ್ತೆ ಸಿಗಲೇ ಇಲ್ಲವಂತೆ. "ನನ್ನ ಲೆಕ್ಕ ತಪ್ಪಿದ ದಿನಾ ನೀ ಬಾಯಿಬಿಟ್ಟು ಹೇಳಬೇಕು ತಂಗಿ. ಮಗಳು ಮುಚ್ಚಿಡ್ತಾಳ. ನೀ ಮುಚ್ಚಿಡಬ್ಯಾಡ." ಧಾರಾಳವಾಗಿ ಮಾತು ಕೊಟ್ಟೆ. ಮಾತು ಕೊಡಲು ನನ್ನ ಗಂಟೇನು ಹೋಗುತ್ತಿತ್ತು?

ಈ ಹಾಳೆ ಕೊಟ್ಟ ದಿನ ಸಂಜೆ ಅವರು ಕಾಯುತ್ತಾ ನಿಂತಿದ್ದರು. "ಇದು ಅವಿಭಾಜ್ಯ. ನಾಕು ದಿನಾ ಹಿಡೀತು," ಎಂದರು. ನನಗೆ ಬಸ್ಸಿನಲ್ಲೇ ಗೊತ್ತಾಗಿತ್ತು. ಅಂಕಿಗಳನ್ನು ಕೂಡಿದರೆ ಇಪ್ಪತ್ತೇಳು, ಅಂದರೆ ಮೂರರಿಂದ ಹೋಗುತ್ತದೆ. ನನ್ನ ಐದನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ಮೇಷ್ಟ್ರ ಮುಖದಲ್ಲಿ ಅಷ್ಟೊಂದು ಸಂತೋಷ... ಕೈ ಮಾತ್ರ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ಹೌದು ಸರ್," ಎಂದುಬಿಟ್ಟೆ.

ಆಮೇಲೆ ತಪ್ಪುಗಳು ಹೆಚ್ಚಿದವು. ನನ್ನ 'ಹೌದು ಸರ್' ಕೂಡ ಹೆಚ್ಚಿತು. ಅವರ ಕಣ್ಣು ನೋಡಲು ಭಯವಾಗುತ್ತಿತ್ತು. ಬೆಳಿಗ್ಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿದರೆ ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದೆ.

ಎರಡು ತಿಂಗಳಾದ ಮೇಲೆ ಕಟಿಂಗ್ ಮಾಡಿಸಲು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಎಷ್ಟೋ ದೂರದ ಗೊರಗುಂಟೆಪಾಳ್ಯದಲ್ಲಿ ಲಾರಿಗಳ ನಡುವೆ ನಿಂತಿದ್ದರಂತೆ. ಜೇಬಿನ ಫೋನ್ ನೋಡಿ ಪೊಲೀಸರು ಮಗಳನ್ನು ಕರೆಸಿದರು. ಮೊದಲೇ ತೋರಿಸಿದ್ದರೆ ಸ್ವಲ್ಪ ಕಾಲವಾದರೂ ತಡೆಯಬಹುದಿತ್ತು ಎಂದರಂತೆ ಡಾಕ್ಟರು. ಹಾಗೆಂದು ಹೇಳಿ ಮಗಳು ನನ್ನ ಹೆಗಲ ಮೇಲೆ ಅತ್ತಳು. ನಾನು ಬೆನ್ನು ಸವರುತ್ತಾ ನಿಂತಿದ್ದೆ.

ವಾರ ಕಳೆದು ಧೈರ್ಯ ಮಾಡಿ ಮೇಲೆ ಹೋದೆ. ಮೇಷ್ಟ್ರು ಒಬ್ಬರೇ ಕೂತಿದ್ದರು. "ಸರ್, ಆವತ್ತಿನ ಸಂಖ್ಯೆ ಮೂರರಿಂದ ಹೋಗುತ್ತೆ. ನಾನು ಸುಳ್ಳು ಹೇಳ್ದೆ."

ಅವರು ಎದ್ದು ನಿಂತು ಕೈ ಮುಗಿದರು. "ಹೌದ್ರೀ? ಭಾಳ ಚಲೋ ಆತು. ತಾವು ಯಾರ ಪೈಕಿ?"

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅಂಥ ಮನುಷ್ಯ ನನಗೆ ಮತ್ತೆ ಸಿಗಲಿಲ್ಲ. ಮಗಳು ಈಗ ಅಟ್ಟೂರಿನಲ್ಲಿದ್ದಾಳೆ, ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. "ಕಡೀಕ ಅಪ್ಪಾ ನಿಮ್ಮ ಮಾತೊಂದ ನಂಬ್ತಿದ್ರು ಅಕ್ಕಾ," ಎಂದಳು ಈ ಸಲ. ಅವಳಿಗೆ ನಾನು ಇನ್ನೂ ಹೇಳಿಲ್ಲ.