ಕರೆಂಟ್ ಹೋಗದ ದೇಶದಲ್ಲಿ ಜೇಬು ಹೊಲಿದದ್ದು

ನಾನು ಈ ಜನ್ಮದಲ್ಲಿ ಒಂದೇ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಒಂದು ಪಕ್ಷ ಜೋರ್ಡಾನ್ ದೇಶದ ಒಂದು ಪ್ಯಾಂಟಿನ ಕಾರ್ಖಾನೆ, ಇನ್ನೊಂದು ಪಕ್ಷ ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಟೈಲರಾದ ನಾನು. ಸಂದರ್ಭದ ಘನತೆಗೆ ತಕ್ಕಂತೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಏಜೆಂಟನ ಆಫೀಸಿಗೆ ಹೋಗಿದ್ದೆ. ಒಪ್ಪಂದ ಅರಬ್ಬಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು, ನಮ್ಮ ಅನುಕೂಲಕ್ಕೆಂದು ತೆಲುಗಿನಲ್ಲೂ ಇತ್ತು. ತೆಲುಗು ನಾನು ಶಾಲೆಯಲ್ಲೇ ಕಲಿತವನು. ಆದರೂ ಓದಲಿಲ್ಲ. ಎದುರಿಗೆ ಕೂತು ಓದಿದರೆ ಏಜೆಂಟನ ಮೇಲೆ ಅನುಮಾನಪಟ್ಟಂತಾಗುತ್ತದೆ ಎಂಬ ಸೌಜನ್ಯ ನನ್ನದು. ಸಹಿ ಮಾತ್ರ ಬಹಳ ಚೆನ್ನಾಗಿ ಹಾಕಿದೆ. ಕೆಳಗೆ ಗೀಟು ಎಳೆದು ಚುಕ್ಕೆಯನ್ನೂ ಇಟ್ಟೆ.

ನಮ್ಮೂರಿನ ಹೊಲಿಗೆಯ ರೀತಿ ಹೇಳದಿದ್ದರೆ ಮುಂದಿನದು ಅರ್ಥವಾಗದು. ರಾಯದುರ್ಗದ ಶೆಡ್ಡುಗಳಲ್ಲಿ ಕೂಲಿ ಪೀಸಿನ ಲೆಕ್ಕ, ಹೊಲಿದಷ್ಟು ನಿನ್ನದು. ಆ ವರ್ಷಗಳಲ್ಲಿ ಕರೆಂಟು ಮನಸ್ಸು ಬಂದಾಗ ಬರುತ್ತಿತ್ತು, ಹೇಳದೆ ಹೋಗುತ್ತಿತ್ತು. ಇರುವಷ್ಟು ಹೊತ್ತು ಯಾರೂ ತಲೆ ಎತ್ತುತ್ತಿರಲಿಲ್ಲ, ಮೈಮೇಲೆ ದೇವರು ಬಂದವರಂತೆ ಹೊಲಿಯುತ್ತಿದ್ದೆವು. ಹೋದ ಕೂಡಲೇ ಫ್ಯಾನಿನ ಕೆಳಗೆ ಕೂತವನು "ಕರೆಂಟ್ ಹೋತು" ಎನ್ನುತ್ತಿದ್ದ. ತಕ್ಷಣ ಎಲ್ಲರೂ ಪೆಡಲಿನ ಮೇಲಿಂದ ಕಾಲು ಎತ್ತಬೇಕು. ಎತ್ತದಿದ್ದರೆ ಕರೆಂಟು ಮತ್ತೆ ಬಂದಾಗ ಮಿಷಿನ್ನು ಒಮ್ಮೆಲೇ ಓಡಿ ಸೂಜಿ ಮುರಿಯುತ್ತದೆ. ಕಾಲು ಎತ್ತಿದ ಮೇಲೆ ಚಹಾ, ಬೀಡಿ, ಪ್ರಪಂಚದ ವಿಚಾರ. ನಮಗೆ ಗೊತ್ತಿದ್ದ ಕಾರ್ಮಿಕ ಕಾನೂನು ಆ ಕರೆಂಟೊಂದೇ. ದುಡಿಸುತ್ತಿದ್ದುದೂ ಅದೇ, ಬಿಡಿಸುತ್ತಿದ್ದುದೂ ಅದೇ.

ಜೋರ್ಡಾನಿನ ಕಾರ್ಖಾನೆಯಲ್ಲಿ ಮೊದಲ ದಿನ ನನಗೆ ಹಿಂಜೇಬು ಹೊಲಿಯುವ ಕೆಲಸ ಕೊಟ್ಟರು. ಸೂಪರ್‌ವೈಸರ್ ಕೈಯಲ್ಲೊಂದು ಗಡಿಯಾರ ಹಿಡಿದು ನನ್ನ ಬೆನ್ನ ಹಿಂದೆ ನಿಂತ. ನನ್ನ ಕೈಚಳಕ ನೋಡಲು ಬಂದಿದ್ದಾನೆಂದು ತಿಳಿದೆ. ಈಗಲೋ ಆಗಲೋ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಪರದೇಶದವರಿಗೆ ರಾಯದುರ್ಗ ಅಂದರೆ ಏನೆಂದು ತೋರಿಸಿಬಿಡೋಣ ಎಂದು ಹೊಲಿದೆ. ಒಂದು ಗಂಟೆ ಹೊಲಿದೆ. ಕರೆಂಟು ಹೋಗಲಿಲ್ಲ. ಆತ ಬೆನ್ನು ತಟ್ಟಿ ಹೋದ. ನಾನು ಸುತ್ತಲೂ ನೋಡಿದೆ. ಇಡೀ ಸಾಲಿನಲ್ಲಿ ಒಬ್ಬರೂ ನಗಲಿಲ್ಲ.

ಮರುದಿನ ನಮ್ಮ ಸಾಲಿನ ಹಲಗೆಯ ಮೇಲೆ ಹೊಸ ಟಾರ್ಗೆಟ್ ಬರೆದಿತ್ತು. ನನ್ನ ಆ ಒಂದು ಗಂಟೆಯನ್ನು ದಿನಕ್ಕೆಲ್ಲ ಹಿಗ್ಗಿಸಿ, ಸಾಲಿಗೆಲ್ಲ ಹಂಚಿದ್ದರು.

ನನ್ನ ಹಿಂದಿನ ಮಿಷಿನ್ನಿನಲ್ಲಿ ಮಡಕಶಿರಾ ಕಡೆಯ ಅಕ್ಕ ಒಬ್ಬಳು ಕೂರುತ್ತಿದ್ದಳು, ಅಮರಾಪುರದ ಹತ್ತಿರದ ಹಳ್ಳಿಯವಳು. ಹಲಗೆ ನೋಡಿ ಬಂದು ಕೂತವಳು ಕೇಳಿದಳು:

"ಏನಪ್ಪ ರಾಯದುರ್ಗದೋನೆ, ನೆನ್ನೆ ನಿನ್ನ ಯಾರಾನ ಅಟ್ಟಿಸ್ಕಂಡು ಬಂದಿದ್ರಾ?"

"ಇಲ್ಲಕ್ಕಾ. ಕೈಗೆ ಅದ ರೂಢಿ ಬಿದ್ದೈತಿ."

"ಇಲ್ಲಿ ತಿಂಗಳ ಸಂಬಳ ಕಣಪ್ಪ, ಪೀಸಿನ ಲೆಕ್ಕ ಅಲ್ಲ. ಹಾರಾಡ್ಕಂಡು ಹೊಲುದ್ರೂ ಅಷ್ಟೇ, ನೆಟ್ಟಗೆ ಕುಂತು ಹೊಲುದ್ರೂ ಅಷ್ಟೇ. ಈಗ ನೀನು ಹಾರಿದ್ದಕ್ಕೆ ನಾವೆಲ್ಲ ರೆಕ್ಕೆ ಕಟ್ಕಬೇಕು."

ರೆಕ್ಕೆ ಯಾರಿಗೂ ಮೂಡಲಿಲ್ಲ. ಗಂಟೆ ಬಾರಿಸಿದ ಮೇಲೂ ಟಾರ್ಗೆಟ್ ಮುಗಿಯುವವರೆಗೆ ಕೂರಿಸತೊಡಗಿದರು. ಅದಕ್ಕೆ ಓವರ್‌ಟೈಮ್ ಇಲ್ಲ, ಏಕೆಂದರೆ ಅದು ನಾವೇ ಉಳಿಸಿಕೊಂಡ ಕೆಲಸವಂತೆ. ಬೇರೆಯವರು ಬೈದು ಸುಮ್ಮನಾದರು. ಅಕ್ಕನಿಗೆ ಮಾತ್ರ ಸುಮ್ಮನಾಗಲು ಆಗಲಿಲ್ಲ. ಊರಲ್ಲಿ ಅಜ್ಜಿಯ ಜೊತೆ ಆಕೆಯ ಮಗಳಿದ್ದಳು, ಆಗಷ್ಟೇ ಶಾಲೆಗೆ ಸೇರಿದವಳು. ನಮ್ಮೂರಿನ ಹೊತ್ತು ಅಲ್ಲಿಗಿಂತ ಮುಂದೆ. ಗಂಟೆ ಬಾರಿಸಿದ ಕೂಡಲೇ ಫೋನ್ ಮಾಡಿದರೆ ಮಗು ಮುದ್ದೆ ತಿನ್ನುತ್ತಾ ಸಿಗುತ್ತಿತ್ತು, ತಡವಾದರೆ ನಿದ್ದೆ ಹೋಗಿರುತ್ತಿತ್ತು. ಈಗ ಪ್ರತಿದಿನವೂ ಅಜ್ಜಿಯೇ ಫೋನ್ ಎತ್ತಿ "ಮಲಗೈತೆ ಕಣಮ್ಮ" ಎನ್ನುತ್ತಿದ್ದಳು.

ಪ್ರಾಯಶ್ಚಿತ್ತವಾಗಿ ನಿಧಾನವಾಗಿ ಹೊಲಿಯಲು ನಿರ್ಧರಿಸಿದೆ. ನಿರ್ಧಾರ ತಲೆಯಲ್ಲೇ ಉಳಿಯಿತು, ಕಾಲಿಗೆ ಇಳಿಯಲಿಲ್ಲ. ಟ್ಯೂಬ್‌ಲೈಟು ಉರಿಯುವುದು ಕಂಡರೆ ಸಾಕು, ನನ್ನ ಪಾದ ತಾನಾಗಿ ಪೆಡಲನ್ನು ಒತ್ತುತ್ತಿತ್ತು. ನಮ್ಮ ಶೆಡ್ಡಿನ ಕರೆಂಟಿನ ಕತೆಯನ್ನೆಲ್ಲ ಹೇಳಿ ಅಕ್ಕನ ಮುಂದೆ ತಪ್ಪೊಪ್ಪಿಕೊಂಡೆ.

ಶುಕ್ರವಾರ ರಜೆ. ಅಕ್ಕನ ಒತ್ತಾಯಕ್ಕೆ ಕ್ಯಾಂಟೀನಿನ ಮೇಜಿನ ಮೇಲೆ ಸಾಲಿನವರೆಲ್ಲ ತಮ್ಮ ತಮ್ಮ ಒಪ್ಪಂದ ತಂದು ಹರಡಿದರು. ನನ್ನದು ಟ್ರಂಕಿನ ತಳದಲ್ಲಿ ವಿಭೂತಿ ಗಟ್ಟಿಯ ಜೊತೆ ಭಕ್ತಿಯಿಂದ ಮಲಗಿತ್ತು. ಅದನ್ನು ಮೊದಲ ಸಲ ಓದಿದೆ. ದಿನಕ್ಕೆ ಎಂಟು ತಾಸಿನ ಕೆಲಸ, ಮೇಲಿನದಕ್ಕೆ ಕೆಲಸಗಾರನ ಒಪ್ಪಿಗೆ ಮತ್ತು ಹೆಚ್ಚಿನ ಕೂಲಿ. ಜೇಬಿನ ಲೆಕ್ಕದ ಮಾತು ಎಲ್ಲೂ ಇರಲಿಲ್ಲ.

"ನಡಿ, ನೀನೇ ಮಾತಾಡು," ಎಂದಳು ಅಕ್ಕ. "ಬೆಂಕಿ ಹಚ್ಚಿದೋನು ನೀನು, ನೀರು ನಾವು ಹೊರಬೇಕಾ?"

ಮರುದಿನ ನಾನು ಮುಂದೆ, ಸಾಲಿನವರು ಹಿಂದೆ, ಮ್ಯಾನೇಜರನ ಕೋಣೆಗೆ ಹೋದೆವು. ನಾನು ಗಂಟಲು ಸರಿಮಾಡಿಕೊಂಡು, ತೆಲುಗಿನಲ್ಲಿ ಯೋಚಿಸಿ, ಹಿಂದಿಯಲ್ಲಿ ಒಪ್ಪಂದದ ವಾಚನ ಮಾಡಿದೆ. ಆತ ಸಾವಧಾನವಾಗಿ ಕೇಳಿ, "ನೀನೇ ಹೊಲಿದು ತೋರಿಸಿದ್ದೀಯಲ್ಲ," ಎಂದ. ಅಷ್ಟು ಚಿಕ್ಕ ಮಾತಿಗೆ ನನ್ನ ದೊಡ್ಡ ಭಾಷಣ ಕುಸಿದುಬಿತ್ತು.

"ಅದು ಒಂದು ಗಂಟೆಯ ಮಾತು ಸಾಹೇಬರೆ," ಎಂದೆ. "ಆ ವೇಗದಲ್ಲಿ ಎಂಟು ತಾಸು ಯಾರೂ ಹೊಲಿಯಲಾರರು, ನಾನೂ ಅಷ್ಟೇ."

ಕಡೆಗೆ ಆತ ಒಂದು ಮಾತಿಗೆ ಒಪ್ಪಿದ. ಇನ್ನೊಮ್ಮೆ ಅಳೆಯುವುದು, ಈ ಸಲ ಇಡೀ ದಿನ, ನನ್ನನ್ನೇ. ಆ ಲೆಕ್ಕ ಮೀರಿ ಕೂರಿಸಿದರೆ ಓವರ್‌ಟೈಮ್ ಕೊಡುತ್ತಾನೆ. ನಾನು ಮತ್ತೆ ಹಾಗೆಯೇ ಹೊಲಿದರೆ ಹಲಗೆ ಇದ್ದಂತೆಯೇ ಇರುತ್ತದೆ.

ಹೊರಗೆ ಬಂದ ಮೇಲೆ ಅಕ್ಕ ಹೇಳಿದಳು: "ಒಂದೇ ಒಂದು ಬೇಡ್ಕಂತೀನಿ ಕಣಪ್ಪ. ನಾಳೆ ನಿಮ್ಮೂರಿನ ಹೆಸರು ಉಳಿಸ್ಬೇಡ."

ಉಳಿಸಬಾರದೆಂದೇ ಕೂತೆ. ಆದರೆ ಗಡಿಯಾರ ಬೆನ್ನ ಹಿಂದೆ ಬಂದು ನಿಂತದ್ದೇ ತಡ, ನನ್ನೊಳಗಿನ ಅಭಿಮಾನಿ ಎದ್ದು ಕೂತ. ಜೇಬಿನ ಮೇಲೆ ಜೇಬು ಬೀಳತೊಡಗಿತು. ನಿಲ್ಲಿಸು ಎಂದು ಮನಸ್ಸು ಹೇಳುತ್ತಿದೆ, ಕಾಲು ಕೇಳುತ್ತಿಲ್ಲ. ಆಗ ಹಿಂದಿನ ಮಿಷಿನ್ನಿನಿಂದ, ಬೇಸರದ ದನಿಯಲ್ಲಿ, ಯಾರಿಗೋ ಹೇಳುವಂತೆ ಒಂದು ಮಾತು ಬಂತು:

"ಕರೆಂಟ್ ಹೋಯ್ತು."

ನನ್ನ ಪಾದ ಪೆಡಲಿನಿಂದ ಮೇಲೆದ್ದಿತು. ತಲೆಯ ಮೇಲೆ ಸಾಲುಗಟ್ಟಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಬೆನ್ನು ನೆಟ್ಟಗೆ ಮಾಡಿದೆ, ಬೆರಳು ನೀವಿಕೊಂಡೆ, ನೀರು ಕುಡಿದೆ. ಮತ್ತೆ ಹೊಲಿದೆ. ಓಟ ಹೆಚ್ಚಿದಂತೆಲ್ಲ ಹಿಂದಿನಿಂದ ಕರೆಂಟ್ ಹೋಗುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಸೂಪರ್‌ವೈಸರ್ ಕೇಳಿದ, ಆಕೆ ಏನನ್ನುತ್ತಾಳೆ ಎಂದು. ನಾನು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಟೈಲರುಗಳು ಸುಧಾರಿಸಿಕೊಳ್ಳುವಾಗ ಹೀಗೆ ಹೇಳುತ್ತಾರೆ ಎಂದೆ. ಅವನು ತಲೆಯಾಡಿಸಿದ.

ಅದರ ಮರುದಿನ ಹಲಗೆಯ ಲೆಕ್ಕ ಇಳಿದಿತ್ತು. ಮೊದಲಿನಷ್ಟಕ್ಕೆ ಇಳಿಯಲಿಲ್ಲ, ಆ ವ್ಯತ್ಯಾಸ ನನ್ನ ಕೀರ್ತಿಯ ಪಾಲು. ಆದರೆ ಗಂಟೆ ಬಾರಿಸಿದಾಗ ಉಳಿದ ಜೇಬುಗಳನ್ನು ಮೇಜಿನ ಮೇಲೆ ಬಿಟ್ಟು ಎದ್ದರೆ ಯಾರೂ ಕೂರಿಸಲಿಲ್ಲ.

ಅಕ್ಕ ಗೇಟಿನ ಆಚೆಗೆ ಹೋಗುವವರೆಗೂ ತಾಳಲಿಲ್ಲ, ಅಂಗಳದಲ್ಲೇ ನಿಂತು ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ನನಗೂ ಕೇಳಲಿ ಎಂದೇ ಇರಬೇಕು. ಮಗುವಿನ ಬಾಯಲ್ಲಿ ಮುದ್ದೆ ಇತ್ತು.

"ಇವತ್ತು ಯಾಕಮ್ಮ ಬೇಗ ಬಿಟ್ರು?"

"ಇಲ್ಲಿ ಕರೆಂಟ್ ಹೋಗಿತ್ತು ಕಣೆ."

"ಅಲ್ಲೂ ಹೋಗ್ತೈತಾ?"

ಅಕ್ಕ ನನ್ನ ಕಡೆ ನೋಡಿದಳು. ನಾನು ದೀಪ ಉರಿಯುತ್ತಿದ್ದ ಕಾರ್ಖಾನೆಯ ಕಡೆ ನೋಡಿದೆ.

"ಹೋಗಲ್ಲ ಮಗ," ಎಂದಳು. "ನಾವೇ ಕಳಿಸ್ಬೇಕು."